ನೀಲಿ ನೈದಿಲೆ ಅರಳುವ ಹೊತ್ತು

ಮೊನ್ನೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಹೂವಿನವಳ ಬುಟ್ಟಿಯಿಂದ ಕೆಸರು ಮೆತ್ತಿದ ಹಸಿ ದಂಟಿನ ವಾಸನೆ ಬಂತು. ಬಗ್ಗಿ ನೋಡಿದರೆ ನೀಲಿ ನೈದಿಲೆ, ಯಾವುದೋ ಕೆರೆಯಿಂದ ಕಿತ್ತು ತಂದದ್ದು. ನಮ್ಮ ವಿಜ್ಞಾನದ ಮಾಸ್ತರರು ನೆನಪಾದರು...

ಎಪ್ಪತ್ತರ ದಶಕದ ಮಾತು. ತಾಂಬಾದ ಹತ್ತಿರದ ನಮ್ಮೂರಿನಲ್ಲಿ ನಾನು ಒಂಬತ್ತನೆಯ ತರಗತಿ. ನೈದಿಲೆ ಯಾವಾಗ ಅರಳುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಚಂದ್ರ ಬಂದ ಮೇಲೆ ಎಂದು ಎಲ್ಲರೂ ಬರೆದರು; ಪದ್ಯ ಓದಿದ ಯಾರಾದರೂ ಹಾಗೆಯೇ ಬರೆಯುತ್ತಿದ್ದರು. ನಾನು ಮೊದಲೇ ಮೊಂಡಿ. ಎಮ್ಮೆ ಮೈ ತೊಳೆಯಲು ದಿನಾ ಕೆರೆಗೆ ಹೋಗುತ್ತಿದ್ದವಳು, ಕಣ್ಣಾರೆ ಕಂಡದ್ದನ್ನೇ ಬರೆದೆ: ಬಿಳಿಯದು ಸಂಜೆಗೆ ಅರಳುತ್ತದೆ, ನೀಲಿಯದು ಬಿಸಿಲಿಗೆ. ಮಾಸ್ತರರು ಕೆಂಪು ಗೆರೆ ಎಳೆದರು. ಎರಡು ಅಂಕ ಹೋಗಿ ನಾನು ವಿಜ್ಞಾನದಲ್ಲಿ ನಪಾಸಾದೆ. ನಪಾಸಾದರೆ ಸಾಲಿ ಸಾಕು ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದ.

ಅಳುತ್ತಲೇ ಮಾಸ್ತರರ ಎದುರು ಜಗಳಕ್ಕೆ ನಿಂತೆ. ಇವಳಿಗೆಷ್ಟು ಸೊಕ್ಕು ಎಂದು ತರಗತಿ ನಕ್ಕಿತು. ಅವರು ನಗಲಿಲ್ಲ, ಒಪ್ಪಲೂ ಇಲ್ಲ. ಆದರೆ ಮೂರು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಸೈಕಲ್ ತುಳಿದು ಕೆರೆಗೆ ಹೋದರು. ಧೋತರ ಮೇಲೆ ಕಟ್ಟಿ ಮೊಣಕಾಲುದ್ದ ನೀರಿಗಿಳಿದದ್ದನ್ನು ಊರೇ ನೋಡಿತು.

ನಾಲ್ಕನೆಯ ದಿನ ಎರಡು ಎಲೆ ಹಿಡಿದು ತರಗತಿಗೆ ಬಂದರು. ಬಿಳಿ ಹೂವಿನದರ ಅಂಚು ಗರಗಸದ ಹಾಗಿತ್ತು, ಕೆಳಗೆ ಕೈಯಾಡಿಸಿದರೆ ನವಿರು ಕೂದಲು. ನೀಲಿಯದರ ಬೆನ್ನು ನುಣುಪು. ಎರಡೂ ನೈದಿಲೆಯೇ, ಒಂದೇ ಕೆರೆಯವೇ, ಆದರೆ ಜಾತಿ ಬೇರೆ, ಅರಳುವ ಹೊತ್ತೂ ಬೇರೆ ಎಂದರು. ಪುಸ್ತಕ ನಂಬಿ, ಕೆರೆ ನೋಡದೆ ತಪ್ಪು ಮಾಡಿದೆನೆಂದು ಎಲ್ಲರೆದುರೇ ಒಪ್ಪಿಕೊಂಡರು.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ನಮ್ಮ ಮನೆಗೇ ಬಂದರು. ಅಪ್ಪ ಗಾಬರಿಯಾಗಿ ಕಂಬಳಿ ಹಾಸಿದ. ಅವರು ಕೂಡಲಿಲ್ಲ.

"ನಪಾಸ್ ಆಗಿದ್ದು ನಿಮ್ಮ ಮಗಳಲ್ರಿ, ನಾನು. ಸಾಲಿ ಬಿಡಸೂದಿದ್ರ ನನ್ನ ಬಿಡಸ್ರಿ."

ಮರುದಿನ ನಾನು ಎಂದಿನಂತೆ ಸಾಲಿಗೆ ಹೋದೆ.

ಆ ಬೇಸಿಗೆಯಲ್ಲೇ ಅವರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲೇ ಮನೆ ಮಾಡಿ ಉಳಿದರಂತೆ... ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದೆ. ನಾನು ಇಂಥವರ ಶಿಷ್ಯೆ ಎಂದು ವರ್ಷವರ್ಷವೂ ಹೊಸ ಹುಡುಗರ ಮುಂದೆ ಎದೆಯುಬ್ಬಿಸಿ ಹೇಳಿದೆ. ಈಗಲೂ ಹೇಳುತ್ತೇನೆ. ಮುದ್ದೇಬಿಹಾಳವೇನು ದೂರವೇ? ಹೋಗಿ ಅವರಿಗೇ ಒಂದು ಸಲ ಹೇಳಲಿಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಆರು ತಿಂಗಳಾಗಿತ್ತು.