ಕಾಡಿನೊಳಗಿನ ಸವತಿ

ಪೊರಿರುವಾ ಎಂಬ ಪರದೇಶದ ಕಡಲೂರಿನ ನಮ್ಮ ಮನೆಯಲ್ಲಿ ಭಾನುವಾರದ ಉಪ್ಪಿಟ್ಟು ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತದೆ. ಅದಕ್ಕೆ ಕಾರಣಳಾದ ಹೆಣ್ಣಿಗೆ ಎರಡು ಸಾವಿರ ವರ್ಷ ದಾಟಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ವಾರವಿಡೀ ಸಾಫ್ಟ್‌ವೇರಿನಲ್ಲಿ ಕಣ್ಣು ಸವೆಸುವ ನಮ್ಮ ಯಜಮಾನರು, ರಜೆಯ ದಿನ ಗ್ವಾಟೆಮಾಲದ ಕಾಡಿನಡಿ ಹೂತುಹೋದ ಆದಿಕಾಲದ ಮಾಯಾ ಜನಾಂಗದ ನಗರವೊಂದರ ನಕ್ಷೆಗೆ ಪುಕ್ಕಟೆ ದುಡಿಯುತ್ತಾರೆ. ವಿಮಾನದಿಂದ ಲೇಸರ್ ಬೀರಿ ತೆಗೆದ ಚಿತ್ರಗಳಲ್ಲಿ ಮರಗಳನ್ನು ಅಳಿಸಿ, ನೆಲದ ಉಬ್ಬುತಗ್ಗುಗಳನ್ನು ಗುರುತಿಸುವ ಕೆಲಸ. ನದಿಯಿಲ್ಲದ ಆ ಊರು ನೀರನ್ನು ಎಲ್ಲಿ ಹಿಡಿದಿಟ್ಟಿತು, ಚಾಕುವಿಗೆ ಬೇಕಾದ ಕರಿಗಾಜಿನಂಥ ಕಲ್ಲನ್ನು ಯಾವ ಬೆಟ್ಟದಿಂದ ತರಿಸಿತು, ಎಲ್ಲವೂ ಇವರ ನಾಲಗೆಯ ತುದಿಯಲ್ಲಿದೆ. ನಮ್ಮನೆಯ ತೊಗರಿಬೇಳೆ ಯಾವ ಡಬ್ಬದಲ್ಲಿದೆಯೆಂದು ಮಾತ್ರ ಇವತ್ತಿಗೂ ಗೊತ್ತಿಲ್ಲ. ನನಗೆ ಹೊಟ್ಟೆಕಿಚ್ಚು, ಹೌದು. ನಿಜವಾದ ಸವತಿ ಬಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮೊದಮೊದಲು ತಗ್ಗು ಕಂಡಲ್ಲೆಲ್ಲ ಇವರು, "ಕಲ್ಯಾಣಿ ಕಣೇ, ಥೇಟ್ ನಮ್ಮೂರಿನ್ ಥರಾನೇ!" ಎಂದು ಹಿಗ್ಗಿ ಗುರುತು ಹಾಕುತ್ತಿದ್ದರು. ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಗುಡಿಯ ಪಕ್ಕದ ಗುಂಡಿಯೆಲ್ಲ ಕಲ್ಯಾಣಿಯೇ. ತಜ್ಞರು ತಿದ್ದಿದರು: ಅವು ಗುಡಿ ಕಟ್ಟಲು ಸುಣ್ಣಕಲ್ಲು ಕಿತ್ತ ಜಾಗಗಳು, ಕೆಲವಕ್ಕೆ ಮಾತ್ರ ಆಮೇಲೆ ಗಾರೆ ಬಳಿದು ಮಳೆನೀರು ತುಂಬಿಸಿದ್ದರಂತೆ. ಒಂದು ಕಡೆ ಎತ್ತರ ಏಳಬೇಕಾದರೆ ಇನ್ನೊಂದು ಕಡೆ ಹಳ್ಳ ಬೀಳಲೇಬೇಕಲ್ಲ ಎಂದು ನಾನು ಬಟ್ಟೆ ಮಡಿಸುತ್ತ ಯೋಚಿಸಿದೆ. ನನ್ನ ಭಾನುವಾರಗಳನ್ನು ಕಿತ್ತು ಅವಳ ಗೋಪುರ ಕಟ್ಟುತ್ತಿದ್ದರು, ನನ್ನ ಪಾಲಿಗೆ ಉಳಿದದ್ದು ಹಳ್ಳ.

ಕಳೆದ ತಿಂಗಳು, ಅಗೆತದ ಜಾಗಕ್ಕೇ ಬನ್ನಿ ಎಂದು ಇವರಿಗೆ ಕರೆ ಬಂತು. ನಾನು ಮುಖ ಊದಿಸಿಕೊಂಡು ಮಾತು ಬಿಟ್ಟೆ.

"ಬರಲ್ಲ ಅಂತ ಮೇಲ್ ಹಾಕ್ದೆ ಕಣೇ, ಬೇಜಾರ್ ಮಾಡ್ಕೋಬೇಡ," ಎಂದರು.

ಗೆದ್ದೆ. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು, ಬಿಸಿ ದೋಸೆ ತಿಂದು, ನನ್ನ ಜೊತೆ ಕಡಲ ದಂಡೆಗೂ ಬಂದರು. ಪಕ್ಕದಲ್ಲೇ ಕೂತು, ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ನೀರಿನಾಚೆ ಎಲ್ಲೋ ನೋಡುತ್ತಿದ್ದರು. ಮೊದಲಾದರೆ ಅವಳಿಗೆ ಭಾನುವಾರವೊಂದೇ ಸಾಕಾಗಿತ್ತು. ಈಗ ಇಡೀ ಮನುಷ್ಯನನ್ನೇ ಅವಳಿಗೆ ಕೊಟ್ಟು ಕೂತಿದ್ದೆ. ಹೊಟ್ಟೆಯ ಉರಿ ತಡೆಯಲಾಗಲಿಲ್ಲ.

"ರೀ, ಬರ್ತೀನಿ ಅಂತ ಈಗ್ಲೇ ಅವರಿಗೆ ಬರೀರಿ. ಟಿಕೆಟ್ ಎರಡು ಬುಕ್ ಮಾಡಿ."

"ಎರಡ್ಯಾಕೆ?"

"ಅವಳ ಮುಖ ನಾನೂ ಒಂದ್ಸಲ ನೋಡ್ಬೇಕು."