ಬಹುವಚನದ ಚಳಿ

ನನ್ನನ್ನು ಏಕವಚನದಲ್ಲಿ ಮಾತನಾಡಿಸಿದವರ ಹೆಸರುಗಳೆಲ್ಲ ನನಗೆ ನೆನಪಿವೆ. ಬರಿಯ ಹೆಸರಲ್ಲ, ಎಲ್ಲಿ, ಎಷ್ಟು ಜನರ ಎದುರಿಗೆ, ಆಗ ಅವರ ಕೈಯಲ್ಲಿ ಏನಿತ್ತು ಎಂಬುದೂ ನೆನಪಿದೆ. ಇದು ಒಳ್ಳೆಯ ಗುಣವಲ್ಲವೆಂದು ನನಗೆ ಹಿತವಚನ ಹೇಳಿದವರು ಇಬ್ಬರು. ಅವರ ಹೆಸರುಗಳೂ ನೆನಪಿವೆ.

ತಪ್ಪು ನನ್ನದೊಬ್ಬನದೇ ಅಲ್ಲ, ನಾನು ಬೆಳೆದ ಮೈಸೂರಿನದೂ ಹೌದು. ನಮ್ಮ ಮನೆಯಲ್ಲಿ ತಂದೆಗೆ ‘ನೀವು’, ಚಿಕ್ಕಪ್ಪನಿಗೆ ‘ನೀವು’, ತರಕಾರಿಯವಳಿಗೂ ಅವಳು ಹಿರಿಯಳಾಗಿದ್ದರೆ ‘ನೀವು’. ಹಿರಿಯರ ಪೈಕಿ ‘ನೀನು’ ಎನ್ನಿಸಿಕೊಳ್ಳುತ್ತಿದ್ದವಳು ಹೆತ್ತ ತಾಯಿ ಒಬ್ಬಳೇ. ಅದೇಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಪ್ರಬಂಧವನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯಲ್ಲಿ, ಜೋಗೇಶ್ವರಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿದ್ದೆ. ವಾಸ ದಾದರಿನ ಒಂದು ಚಾಳಿನಲ್ಲಿ. ಅವಿವಾಹಿತನಾದ ನನ್ನ ಊಟದ ವ್ಯವಸ್ಥೆ ಪಕ್ಕದ ಕೋಣೆಯಲ್ಲಿ. ಅಲ್ಲಿ ಗದಗಿನ ಕಡೆಯ ಗಂಗವ್ವ ಎಂಬ ಐವತ್ತು ದಾಟಿದ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಖಾನಾವಳಿ ಎಂದರೆ ದೊಡ್ಡದೇನಲ್ಲ; ಒಂದು ಒಲೆ, ರೊಟ್ಟಿಯ ಹಿಟ್ಟು ನಾದುವ ಒಂದು ಕೊಣಮಿಗೆ, ಗೋಡೆಗೆ ಒರಗಿ ಸಾಲಾಗಿ ಕೂತ ಎಂಟು ಹತ್ತು ಮಂದಿ. ಹೆಚ್ಚಿನವರು ಕಟ್ಟಡದ ಕೆಲಸದವರು. ಅವರ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಿದ್ದವನು ನಾನೊಬ್ಬನೇ.

ಮೊದಲ ದಿನವೇ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಗಂಗವ್ವ, “ಏ ಮಾಸ್ತರ, ಒಳಗ ಬಾ. ಕೋರ್ಟಿನ ಬೇಲಿಫನಂಗ ಹೊಸ್ತಲದಾಗ ಯಾಕ ನಿಂತಿ?” ಎಂದಿದ್ದಳು. ಕೈಯಲ್ಲಿ ಹಿಟ್ಟಿತ್ತು. ಜಫ್ತಿಗೆ ಬರುವ ಬೇಲಿಫನಿಗೆ ನನ್ನನ್ನು ಹೋಲಿಸಿದ್ದನ್ನು ಸಹಿಸಿದೆ. ‘ಬಾ’ ಎಂದದ್ದನ್ನು ಸಹಿಸಲಾಗಲಿಲ್ಲ. ಆದರೂ ಎಂಟು ತಿಂಗಳು ಸುಮ್ಮನಿದ್ದೆ. ದಿನವೂ “ಉಂಡೀ ಏನೋ ತಮ್ಮಾ?” ಎಂದು ಕೇಳುವಳು, ನಾನು ದಿನವೂ ಒಳಗೊಳಗೇ ಎಣಿಸುವೆ.

ಈ ನಡುವೆ ಕಾಲೇಜಿನ ಫಲಕದ ಮೇಲೆ ಒಂದು ಪ್ರಕಟಣೆ ಬಂತು: ಭಾಷಾ ಉಪನ್ಯಾಸಕರಿಗೆ ಸ್ಪೇನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ಸೆಮಿಸ್ಟರಿನ ಅವಕಾಶ, ಭಾಷೆ ಮತ್ತು ಸಂಸ್ಕೃತಿಯ ಅಭ್ಯಾಸಕ್ಕೆ. ಮುಂಬಯಿಯ ಫೋರ್ಟ್ ಪ್ರದೇಶದ ಸಂಜೆಯ ತರಗತಿಯಲ್ಲಿ ನಾನು ಎರಡು ವರ್ಷ ಸ್ಪ್ಯಾನಿಷ್ ಕಲಿತಿದ್ದೆ, ಬರಿಯ ಕುತೂಹಲಕ್ಕೆ. ಅರ್ಜಿ ಹಾಕಿದೆ, ಸಿಕ್ಕಿತು. ನಮ್ಮ ವಿಭಾಗದ ಮುಖ್ಯಸ್ಥರು, “ಅಲ್ಲಿ ಹೋಗಿ ಏನು ಮಾಡುತ್ತೀರಿ, ಗೂಳಿ ಕಾಯುತ್ತೀರಾ?” ಎಂದರು. ಬಹುವಚನದಲ್ಲಿ ಎಂದರು, ಆದ್ದರಿಂದ ಅರ್ಧ ಕ್ಷಮಿಸಿದ್ದೇನೆ.

ವಿದೇಶಕ್ಕೆ ಹೋಗುವವನೆಂಬ ಹೊಸ ಗಾಂಭೀರ್ಯದಲ್ಲಿ, ಹೊರಡಲು ಎರಡು ತಿಂಗಳಿದ್ದಾಗ, ಊಟದ ಸಾಲಿನಲ್ಲಿ ಕುಳಿತೇ ನಾನು ವಿಷಯ ಎತ್ತಿದೆ. “ಅಮ್ಮಾ, ನೀವು ಇನ್ನು ಮುಂದೆ ನನಗೆ ಬಹುವಚನ ಬಳಸಬೇಕು.”

“ಹಂಗಂದ್ರ?”

“ಬಾ ಎನ್ನಬಾರದು, ಬನ್ನಿ ಎನ್ನಬೇಕು. ನೀನು ಎನ್ನಬಾರದು.”

ಪಕ್ಕದಲ್ಲಿದ್ದ ಗೌಂಡಿ ಶಿವಪ್ಪ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಬಾಯಿಗಿಡುತ್ತಿದ್ದವನು ಕೈ ತಡೆದ. “ಅನ್ನು ಬೇ ಅವ್ವಾ. ಮಾಸ್ತರ ಉಣ್ಣೂದು ಇಬ್ಬರಂಗನ, ಇಬ್ಬರಂಗ ಕರದ್ರ ತಪ್ಪೇನು?” ಎಂದ. ಸಾಲಿಗೆ ಸಾಲೇ ನಕ್ಕಿತು.

ಗಂಗವ್ವ ನಗಲಿಲ್ಲ. “ತಪ್ಪಾತ್ರಿ ಸಾಹೇಬ್ರ” ಎಂದಳು, ಅಷ್ಟೇ. ಮರುದಿನದಿಂದ ನನ್ನ ಊಟ ಡಬ್ಬಿಯಲ್ಲಿ ನನ್ನ ಕೋಣೆಯ ಬಾಗಿಲಿಗೇ ಬಂತು. “ಡಬ್ಬಿ ಇಟ್ಟೀನ್ರಿ. ರೊಟ್ಟಿರಿ. ಪಲ್ಯಾರಿ. ಉಪ್ಪುರಿ.” ಗೌರವದ ಆ ‘ರಿ’ ಪ್ರತ್ಯಯವನ್ನು ಉಪ್ಪಿಗೂ ಹಚ್ಚಿದ ಮೇಲೆ ನನ್ನ ಜಯ ಸಂಪೂರ್ಣವಾಯಿತೆಂದು ತಿಳಿದು ನಾನು ವಿಮಾನವೇರಿದೆ.

ಸ್ಪೇನಿನ ಆ ಹಳೆಯ ಊರಿನಲ್ಲಿ ನನಗೆ ಗೊತ್ತುಮಾಡಿದ್ದ ಮನೆಯೊಡತಿ ದೋನ್ಯಾ ಪಿಲಾರ್, ಕಪ್ಪು ಉಡುಪಿನ ವಿಧವೆ. ‘ದೋನ್ಯಾ’ ಎಂಬುದೇ ಗೌರವಸೂಚಕ. ನಮ್ಮ ‘ಅಮ್ಮನವರು’ ಇದ್ದಂತೆ. ನಾನು ಮಾಂಸ ತಿನ್ನುವುದಿಲ್ಲವೆಂದಾಗ ಆಕೆ ಬೇಳೆಯ ಸಾರಿನಿಂದ ಮಾಂಸದ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಈಗ ಇಲ್ಲವಲ್ಲ ಎಂದು ಬಟ್ಟಲನ್ನು ಮುಂದಿಟ್ಟಳು. ನಾನು ಉಣ್ಣಲಿಲ್ಲ. ಮರುದಿನದಿಂದ ನನಗಾಗಿ ಬೇರೆ ಪಾತ್ರೆಯಲ್ಲಿ ಕಡಲೆ ಬೇಯತೊಡಗಿತು.

ಆ ಮನೆಯ ಬದುಕೆಲ್ಲ ಅಡುಗೆಮನೆಯ ಪಕ್ಕದ ಒಂದು ದುಂಡುಮೇಜಿನ ಸುತ್ತ. ಮೇಜಿಗೆ ನೆಲ ಮುಟ್ಟುವಂಥ ದಪ್ಪ ಬಟ್ಟೆಯ ಹೊದಿಕೆ. ಕೆಳಗೆ ಕೆಂಡದ ಬೋಗುಣಿ. ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡು ಕುಳಿತರೆ ಹೊರಗೆ ಎಂಥ ಚಳಿಯಿದ್ದರೂ ಸೊಂಟದಿಂದ ಕೆಳಗೆ ಮುಂಬಯಿಯ ಮೇ ತಿಂಗಳು. ಪಿಲಾರ್, ಆಕೆಯ ಇಬ್ಬರು ನೆರೆಯ ಗೆಳತಿಯರು, ನಾನು ಅಲ್ಲೇ ಉಣ್ಣುವುದು, ಮಾತನಾಡುವುದು. ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಸ್ಪ್ಯಾನಿಷ್ ನನಗೆ ಬಂದದ್ದು ಆ ಹೊದಿಕೆಯ ಕೆಳಗೆ. ಯಾರ ಮದುವೆ ಮುರಿಯಿತು, ಯಾವ ಪಾದ್ರಿ ಪ್ರವಚನದ ನಡುವೆ ನಿದ್ದೆ ಹೋದ, ಎಲ್ಲವನ್ನೂ ಕ್ರಿಯಾಪದ ಸಮೇತ ಅರಿತೆ.

ಆದರೆ ಆಕೆ ನನ್ನನ್ನು ‘ತೂ’ ಎನ್ನುತ್ತಿದ್ದಳು.

ಸ್ಪ್ಯಾನಿಷಿನಲ್ಲಿ ‘ತೂ’ ಎಂದರೆ ನೀನು. ‘ಉಸ್ತೇದ್’ ಎಂದರೆ ನೀವು. ಎರಡನೆಯ ಪಾಠದಲ್ಲೇ ಬರುವ ಸಂಗತಿ. ಸಂಜೆ ನಾನು ತರಗತಿಯಿಂದ ಬಂದೊಡನೆ ಆಕೆ, “ಆಸ್ ಕೊಮೀದೊ, ಈಹೊ?” ಎಂದು ಕೇಳುವಳು. ‘ಉಂಡೆಯೇನೋ ಮಗನೇ’ ಎಂದು ಅದರ ಅರ್ಥ. ಆ ಪ್ರಶ್ನೆಯನ್ನು ಎಲ್ಲಿಯೋ ಕೇಳಿದ್ದೇನಲ್ಲ ಎಂದು ಆಗ ನನಗೆ ತೋಚಲೇ ಇಲ್ಲ. ತೋಚಿದ್ದು ಇಷ್ಟೇ: ಏಳು ಸಮುದ್ರ ದಾಟಿ ಬಂದರೂ ಏಕವಚನ ತಪ್ಪಲಿಲ್ಲ.

ಮೂರು ವಾರಗಳಾದ ಮೇಲೆ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆದು, ವ್ಯಾಕರಣ ತಿದ್ದಿಕೊಂಡು, ಬಾಯಿಪಾಠ ಮಾಡಿ, ಗೆಳತಿಯರ ಎದುರಿಗೇ ಒಪ್ಪಿಸಿದೆ. ನಾನು ವಯಸ್ಕ, ಅಧ್ಯಾಪಕ. ನನಗೆ ‘ಉಸ್ತೇದ್’ ಸಲ್ಲತಕ್ಕದ್ದು. ಪಿಲಾರ್ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. “ಪೆರ್ದೋನೆ ಉಸ್ತೇದ್” ಎಂದಳು. ಕ್ಷಮಿಸಬೇಕು ತಾವು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ.

ಮರುದಿನ ನನ್ನ ತಟ್ಟೆ ದುಂಡುಮೇಜಿನ ಮೇಲಿರಲಿಲ್ಲ. ಮುಂದಿನ ಕೋಣೆಯ ಉದ್ದನೆಯ ಊಟದ ಮೇಜಿನ ತುದಿಯಲ್ಲಿ, ಬಿಳಿಯ ಹಾಸಿನ ಮೇಲೆ, ಮನೆಯ ಅತ್ಯುತ್ತಮ ಪಿಂಗಾಣಿಯಲ್ಲಿತ್ತು. ಆ ಕೋಣೆಗೆ ಕೆಂಡವಿಲ್ಲ. ತೀರಿಕೊಂಡ ಯಜಮಾನನ ಭಾವಚಿತ್ರ ಗೋಡೆಯ ಮೇಲೆ. ಕೆಳಗೆ ಕೋಟು ತೊಟ್ಟು ಮರ್ಯಾದಸ್ಥನಾಗಿ ಕಡಲೆ ತಿನ್ನುವ ನಾನು. ಗೋಡೆಯಾಚೆ ನಗು. ಗೌರವವೆಂಬುದು ಇಷ್ಟು ತಣ್ಣಗಿರುತ್ತದೆಂದು ಯಾವ ವ್ಯಾಕರಣವೂ ಹೇಳಿರಲಿಲ್ಲ.

ಮಾತನಾಡುವವರಿಲ್ಲದಾಗ ಶಬ್ದಗಳನ್ನು ಕೆದಕುವುದು ನನ್ನ ಚಾಳಿ. ‘ಉಸ್ತೇದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆ ಶತಮಾನಗಳ ಬಳಕೆಯಲ್ಲಿ ಸವೆದು ಉಳಿದ ತುಣುಕು. ಅದಕ್ಕೆ ಹತ್ತುವ ಕ್ರಿಯಾಪದ ಮಧ್ಯಮ ಪುರುಷದ್ದಲ್ಲ, ಪ್ರಥಮ ಪುರುಷದ್ದು. ಅಂದರೆ ಎದುರಿಗೆ ಕುಳಿತವನನ್ನು ಅಲ್ಲಿಲ್ಲದ ಯಾರೋ ಒಬ್ಬನೆಂಬಂತೆ ಮಾತನಾಡಿಸುವುದು. ನಮ್ಮ ‘ತಾವು’ ಮಾತ್ರ ಬೇರೆಯೇ? ಅದೂ ‘ತಾನು’ ಎಂಬ ಮೂರನೆಯವನ ಬಹುವಚನವೇ. ಹೀಗೆ ಎರಡು ಭಾಷೆಗಳು, ಒಂದನ್ನೊಂದು ಕೇಳದೆ, ಒಂದೇ ಉಪಾಯ ಕಂಡುಕೊಂಡಿವೆ: ಯಾರನ್ನಾದರೂ ಗೌರವಿಸಬೇಕಾದರೆ ಮೊದಲು ಅವರನ್ನು ಕೋಣೆಯಿಂದ ಆಚೆ ಕಳಿಸು.

ನಾನು ಆಚೆ ಹೋಗಿದ್ದೆ. ಒಂದಲ್ಲ, ಎರಡು ಕೋಣೆಗಳಿಂದ.

ಗೋಡೆಯಾಚೆ ಆ ಹೆಂಗಸರು ಸಂಜೆ ಜಪಮಣಿ ಹಿಡಿದು ಪ್ರಾರ್ಥಿಸುವುದು ಕೇಳಿಸುತ್ತಿತ್ತು. ಒಂದು ದಿನ ಕಿವಿಗೊಟ್ಟೆ. ದೇವರನ್ನು ಅವರು ‘ತೂ’ ಎನ್ನುತ್ತಿದ್ದರು. ನಾವೂ ದೇವರನ್ನು ‘ನೀನೇ ಗತಿ’ ಎನ್ನುತ್ತೇವೆ. ‘ನೀವೇ ಗತಿ’ ಎಂದು ಮೊರೆಯಿಡುವುದು ಸರ್ಕಾರಿ ಅರ್ಜಿಯಲ್ಲಿ. ದೇವರಿಗೆ ಸಾಲುವ ಸರ್ವನಾಮ ಜೋಗೇಶ್ವರಿಯ ಉಪನ್ಯಾಸಕನಿಗೆ ಸಾಲದಾಯಿತೆಂಬುದನ್ನು ಯೋಚಿಸುತ್ತ, ಕೋಟಿನ ಕಾಲರನ್ನು ಮೇಲೆತ್ತಿ ಕುಳಿತೆ.

ಮತ್ತೆ ‘ತೂ’ ಎನ್ನಿ ಎಂದು ಕೇಳಬಹುದಿತ್ತು. ಆದರೆ ಆ ಭಾಷೆಯಲ್ಲಿ ಸಲುಗೆಯನ್ನು ಕೊಡುವ ಅಧಿಕಾರ ಹಿರಿಯರದು. ಕಿರಿಯನು ಕೇಳಿ ಪಡೆಯುವಂತಿಲ್ಲ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದರು. ನಾನು ನಿಯಮಕ್ಕೆ ಕಟ್ಟುಬಿದ್ದವನು. ಸೆಮಿಸ್ಟರಿನ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಾಧ್ಯಾಪಕರು, “ನಿಮ್ಮ ಭಾಷೆ ನಿರ್ದುಷ್ಟ. ಆದರೆ ನೀವು ಮಾತನಾಡುವುದು ಅರ್ಜಿ ಸಲ್ಲಿಸಿದಂತಿರುತ್ತದೆ” ಎಂದರು. ಅವರ ಕೈಯಲ್ಲಿ ಹಸಿರು ಶಾಯಿಯ ಪೆನ್ನಿತ್ತು.

ಹೊರಡುವ ದಿನ ಪಿಲಾರ್ ರೈಲು ನಿಲ್ದಾಣಕ್ಕೆ ಬಂದಳು. ದಾರಿಗೆಂದು ರೊಟ್ಟಿ, ಹುರಿದ ಬಾದಾಮಿ ಕಟ್ಟಿ ತಂದಿದ್ದಳು. ಒಮ್ಮೆ, ಒಂದೇ ಒಂದು ಸಲ, ‘ಈಹೊ’ ಎಂದಾಳೆಂದು ಗಾಡಿ ಅಲುಗುವವರೆಗೂ ಕಿಟಕಿಯಲ್ಲಿ ಕಾದೆ. “ವಾಯಾ ಉಸ್ತೇದ್ ಕೊನ್ ದಿಯೋಸ್” ಎಂದಳು. ತಾವು ದೇವರೊಡನೆ ಹೋಗಿ. ನಾನು ಕೇಳಿ ಪಡೆದದ್ದನ್ನೇ ಆಕೆ ಕೊನೆಯವರೆಗೂ ಕೊಟ್ಟಳು. ನನ್ನ ನೆನಪಿನಲ್ಲಿರುವ ಅವಮಾನಗಳಲ್ಲಿ ಅಪರಾಧಿ ನಾನೇ ಆಗಿರುವುದು ಇದೊಂದರಲ್ಲಿ. ಗಂಗವ್ವನದು ಎರಡನೆಯದಾಗಬಾರದೆಂದು ಅಲ್ಲಿಯೇ ನಿಶ್ಚಯಿಸಿದೆ.

ಸಾಂತಾಕ್ರೂಝ್ ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿಯವನು, “ತುಮ್ ಕಿಧರ್ ಜಾಯೇಗಾ?” ಎಂದ. ‘ನೀನು ಎಲ್ಲಿಗೆ ಹೋಗುವನು’ ಎಂದಂತೆ. ಮಧ್ಯಮ ಪುರುಷದ ಸರ್ವನಾಮ, ಪ್ರಥಮ ಪುರುಷದ ಕ್ರಿಯಾಪದ! ‘ಉಸ್ತೇದ್’ನ ವ್ಯಾಕರಣವನ್ನು ಈ ಮನುಷ್ಯ ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ಕಲಿತಿದ್ದಾನಲ್ಲ ಎಂದು ಬೆರಗಾದೆ. ಮೊದಲಾಗಿದ್ದರೆ ಅವನ ಟ್ಯಾಕ್ಸಿಯ ನಂಬರು ಬರೆದುಕೊಳ್ಳುತ್ತಿದ್ದೆ.

ದಾದರ್ ಬರುವಷ್ಟರಲ್ಲಿ ಗಂಗವ್ವನಿಗೆ ಹೇಳಬೇಕಾದ ಕ್ಷಮಾಪಣೆಯ ವಾಕ್ಯ ಸಿದ್ಧವಾಗಿತ್ತು. ‘ಅಜಾಗರೂಕತೆಯಿಂದ’ ಎಂಬ ಪದವೂ ಅದರಲ್ಲಿತ್ತು. ಟ್ರಂಕನ್ನು ನನ್ನ ಕೋಣೆಯಲ್ಲಿಟ್ಟು ಅವಳ ಬಾಗಿಲಿಗೆ ಹೋದೆ. ಊಟದ ಸಾಲು ಕುಳಿತಿತ್ತು, ಶಿವಪ್ಪನೂ ಇದ್ದ. ಕೊಣಮಿಗೆಯ ಮುಂದಿನಿಂದ ಅವಳು ತಲೆಯೆತ್ತಿದಳು.

“ಬಂದ್ರೇನ್ರಿ ಸಾಹೇಬ್ರ? ಆರಾಮ್ರಿ? ಡಬ್ಬಿ ಕಳಸ್ತೀನ್ರಿ.”

ಒಂದು ಉಸಿರಿಗೆ ಮೂರು ‘ರಿ’. ಆ ಬಾಗಿಲಲ್ಲಿ ನಿಂತು, ಸಮುದ್ರದ ಸೆಕೆಯಲ್ಲಿ ಬೆವರುತ್ತ, ನನಗೆ ಸ್ಪೇನಿನ ಊಟದ ಕೋಣೆಯ ಚಳಿ ಹತ್ತಿತು. ಸಿದ್ಧಪಡಿಸಿದ ವಾಕ್ಯ ಎಲ್ಲಿ ಹೋಯಿತೋ ತಿಳಿಯದು. ಬಾಯಿಗೆ ಬಂದದ್ದು ಬೇರೆಯೇ.

“ಅವ್ವಾ, ಹಸಿವು ಆಗೇತಿ. ನೀ ರೊಟ್ಟಿ ಬಡದೀ ಏನ?”

ನನ್ನ ಮೈಸೂರಿನ ನಾಲಿಗೆಯಲ್ಲಿ ಆ ಮಾತು ಎಷ್ಟು ಸೊಟ್ಟಗೆ ಬಂದಿತೆಂದರೆ ಸಾಲಿನಲ್ಲಿ ಒಬ್ಬನಿಗೆ ನೆತ್ತಿಗೇರಿತು. ಹೆತ್ತವಳನ್ನು ಬಿಟ್ಟು ಇನ್ನೊಬ್ಬ ಹಿರಿಯಳನ್ನು ನಾನು ‘ನೀ’ ಎಂದದ್ದು ಅದೇ ಮೊದಲು. ಗಂಗವ್ವ ನನ್ನನ್ನೇ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಸೀದಿತು. ಅವಳು ಅದನ್ನು ತಿರುವಲಿಲ್ಲ.

“ಮತ್ತ ಬೇಲಿಫನಂಗ ನಿಂತಿ ನೋಡು,” ಎಂದಳು ಕೊನೆಗೆ. “ಕೈ ತೊಳಕೊಂಡು ಬಾ.”

ಬಾ. ಒಂದೇ ಅಕ್ಷರ. ಆರು ತಿಂಗಳು ಭಾಷೆ ಕಲಿಯಲು ಹೋಗಿದ್ದ ನಾನು ಅದರಷ್ಟು ಪೂರ್ಣವಾದ ವಾಕ್ಯವನ್ನು ಎಲ್ಲಿಯೂ ಕೇಳಿರಲಿಲ್ಲ. ಗೌರವವನ್ನು ಕೇಳಿ ಪಡೆಯಬಹುದು. ‘ಬಾ’ ಎನ್ನುವವರನ್ನು ಕೇಳಿ ಪಡೆಯಲಾಗದು ಎಂದು ಕೈ ತೊಳೆಯುತ್ತ ಒಪ್ಪಿಕೊಂಡೆ.

ಸಾಲಿನಲ್ಲಿ ನನಗೆ ಜಾಗ ಮಾಡಿಕೊಡುತ್ತ ಶಿವಪ್ಪ, “ಕುಂದರಪಾ ನೀ” ಎಂದ. ಕೈಯಲ್ಲಿ ಉಳ್ಳಾಗಡ್ಡಿಯಿತ್ತು. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು. ಅದನ್ನು ನಾನು ಈವರೆಗೂ ಕ್ಷಮಿಸಿಲ್ಲ.