ಜುಲೇಖಾ ಕೊಟ್ಟ ಟ್ಯೂಬು ನನ್ನ ಕಿಟಕಿಯಲ್ಲಿದೆ

ಸುಳ್ಳು ಅಂತಲೇ ಅಂದುಕೊಂಡೆ...
ಬೆಳಿಗ್ಗೆ ನಮ್ಮ ಪ್ರಾಣಿಶಾಸ್ತ್ರದವರ ಗ್ರೂಪಿನಲ್ಲಿ ಮೆಸೇಜು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.
ನವಲಗುಂದದ ಜುಲೇಖಾ ಮೇಡಂ ಇನ್ನಿಲ್ಲ.
ಹೋದ ವಾರ ಫೋನಿನಲ್ಲಿ "ಶುಕ್ರವಾರ ಬರ್ತೀನಿ ಬೇ" ಅಂದವಳು... ಹೇಗೆ ಹೋಗುತ್ತಾಳೆ?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ಎಪ್ಪತ್ತರ ದಶಕ. ನಾವಿಬ್ಬರೂ ಒಂದೇ ವರ್ಷ ಡಿಗ್ರಿ ಮುಗಿಸಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬ್ ಸೇರಿದವರು. ಅವಳು ನವಲಗುಂದದಲ್ಲಿ, ನಾನು ಕುಂದಗೋಳದಲ್ಲಿ.
ಮಿಶ್ರಿಕೋಟಿಯ ಕೆರೆಯ ನೀರಿನಿಂದ ಅವಳು ಒಂದೇ ಒಂದು ಪ್ಯಾರಮೀಸಿಯಂ ಹಿಡಿದಿದ್ದಳು... ಎಳೆಯಂಥ ಗಾಜಿನ ಕೊಳವೆಯಲ್ಲಿ.
ಒಂದೇ ಜೀವಕೋಶದ ಪ್ರಾಣಿ.
ಹುಲ್ಲು ಕುದಿಸಿ ಸೋಸಿದ ನೀರು, ಎರಡು ಅಕ್ಕಿಕಾಳು... ಅಷ್ಟೇ. ಒಂದು ಎರಡಾಗಿ, ಎರಡು ನಾಲ್ಕಾಗಿ ಟ್ಯೂಬು ತುಂಬಿತು.

ರಿಸರ್ಚ್ ಮಾಡುವವರಿಗೆ ಒಂದೇ ವಂಶದ ಜೀವಿ ಬೇಕು. ಇಲ್ಲದಿದ್ದರೆ ಒಬ್ಬರ ಪ್ರಯೋಗ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಆ ವಂಶ ಅವಳ ಕಪಾಟಿನಲ್ಲಿತ್ತು.
ಧಾರವಾಡದ ಸಂಶೋಧಕರು, ಸುತ್ತಲಿನ ಕಾಲೇಜಿನವರು, ಎಲ್ಲರೂ ಬಾಟಲಿ ಹಿಡಿದು ನವಲಗುಂದದ ಬಸ್ ಹತ್ತುತ್ತಿದ್ದರು.
ನಾನೂ ಹತ್ತುತ್ತಿದ್ದೆ. ಹೊಟ್ಟೆ ಉರಿಸಿಕೊಂಡು.

ಹೌದು, ಹೊಟ್ಟೆಕಿಚ್ಚು. ಇವತ್ತು ಮುಚ್ಚಿಟ್ಟು ಏನು ಮಾಡಲಿ?
ಮಾರ್ಕ್ಸ್ ನನಗೇ ಹೆಚ್ಚು ಬಂದಿದ್ದವು. ಆದರೆ ಅವಳು ಕೊಟ್ಟ ಜೀವಿಗಳು ನನ್ನ ಲ್ಯಾಬಿನಲ್ಲಿ ಹದಿನೈದು ದಿನ ಬಾಳುತ್ತಿರಲಿಲ್ಲ. ಬೇಕಂತಲೇ ಸೊರಗಿದ್ದನ್ನು ಕೊಡುತ್ತಾಳೆ ಅಂತ ಊರೆಲ್ಲ ಹೇಳಿಕೊಂಡು ಬಂದೆ.
ತಪ್ಪು ನನ್ನದೇ ಇತ್ತು. ಟ್ಯೂಬು ಫಳಫಳ ಹೊಳೆಯಲಿ ಅಂತ ಸಾಬೂನು ಹಚ್ಚಿ ತಿಕ್ಕುತ್ತಿದ್ದೆ. ಗಾಜಿಗೆ ಉಳಿದ ಆ ಚೂರು ಸಾಬೂನಿಗೇ ಅವು ಸಾಯುತ್ತವೆ ಅಂತ ತಡವಾಗಿ ಗೊತ್ತಾಯಿತು.

ಗೊತ್ತಾದ ಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು...
ಒಂದು ಬೇಸಿಗೆ ಅವಳ ಲ್ಯಾಬಿಗೆ ಹೋಗಿದ್ದೆ. "ಈ ಟ್ಯೂಬ್ ಎಲ್ಲಾ ತೊಳದ ಕೊಡ ಬೇ, ಇವತ್ತ ಹೊಸಾ ನೀರಿಗೆ ಹಾಕ್ತೀನಿ" ಅಂದಳು.
ಸಾಬೂನು ಹಚ್ಚಿದೆ. ಒಂದೇ ಸಲ ನೀರು ಹಾಯಿಸಿ ಇಟ್ಟೆ.
ಗೊತ್ತಿದ್ದೂ.
ಇಡೀ ಕಪಾಟು ಸತ್ತುಹೋಯಿತು.

ಜುಲೇಖಾ... ಆಮೇಲೆ ನೀನು ಏನು ಮಾಡಿದೆ, ನೆನಪಿದೆಯಾ?
ನಿನ್ನ ಮನೆಯಲ್ಲಿ ಬೇರೆ ಎರಡು ಟ್ಯೂಬು ಇಟ್ಟಿದ್ದೆ. ಉಳಿದದ್ದು ಅವೇ. ಅದರಲ್ಲಿ ಒಂದನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ನೆಟ್ಟಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದೆ.
"ಹಿಡಿ ಗಿರಿಜಾ. ಅರ್ಧಾ ನಿನ್ನ ಕಡೆ ಇರಲಿ. ಹೆಪ್ಪ ಒಂದ ಮನ್ಯಾಗ ಇದ್ರ ಹೆಂಗ ಬೇ? ನಮ್ಮನ್ಯಾಗ ಕೆಟ್ರ ನಾ ಯಾರ ಮನಿಗೆ ಹೋಗಲಿ?"
ನಾನು ಟ್ಯೂಬು ಹಿಡಿದುಕೊಂಡೆ.
"ನಿನ್ನ ಕೈಯಾಗ ಅಷ್ಟ ಉಳಿತಾವ ನೋಡು ಇವು" ಅಂದೆ ನೀನು. ಚಹಾ ಕುಡಿದೆ. ಹೊಸ್ತಿಲು ದಾಟುವಾಗ ತಿರುಗಿ ನೋಡಿ, "ಸಾಬೂನ ಮಾತ್ರ ಹಚ್ಚಬ್ಯಾಡ" ಅಂದೆ.
ನಿನಗೆ ಗೊತ್ತಿತ್ತು... ಎಲ್ಲಾ ಗೊತ್ತಿತ್ತು.

ಅವತ್ತಿನಿಂದ ಪ್ರತಿ ಶುಕ್ರವಾರ ಹೊಸ ನೀರು, ಹೊಸ ಅಕ್ಕಿಕಾಳು. ರಿಟೈರ್ ಆದಾಗ ಲ್ಯಾಬಿನಿಂದ ನಾನು ಮನೆಗೇ ತಂದೆ.
ಪಶ್ಚಾತ್ತಾಪದಿಂದ ಅಂದರೆ ಸುಳ್ಳಾದೀತು. ಅರ್ಧ ನನ್ನದು, ನನ್ನೊಬ್ಬಳದು ಅನ್ನುವ ಜಂಬದಿಂದ.

ಹೋದ ವಾರ ನಿನ್ನ ಫೋನು. "ನನ್ನವು ಎಲ್ಲಾ ಸತ್ತುವ ಬೇ. ಒಂದೀಟ ಕೊಡ್ತಿ?"
ಎಷ್ಟು ಖುಷಿಯಾಯಿತು ಗೊತ್ತಾ ನನಗೆ!
"ಬೇಕಾದ್ರ ಈಗ ನೀ ಬಾಟ್ಲಿ ಹಿಡ್ಕೊಂಡ ಬಾ" ಅಂದೆ. ಕಳಿಸಿಕೊಡಬಹುದಿತ್ತು... ಕಳಿಸಲಿಲ್ಲ.

ಇವತ್ತು ಕಾಮೆಂಟುಗಳನ್ನು ಓದುತ್ತಿದ್ದೇನೆ.
ಅಣ್ಣಿಗೇರಿಯ ಪಾಟೀಲ ಸರ್ ಬರೆದಿದ್ದಾರೆ: "ಅರ್ಧಾ ನಿಮ್ಮ ಕಡೆ ಇರಲಿ ಸರ್, ನಿಮ್ಮ ಕೈಯಾಗ ಅಷ್ಟ ಉಳಿತಾವ ಅಂತ ಕೊಟ್ಟಿದ್ರು."
ಕಲಘಟಗಿಯ ಸಾವಿತ್ರಿ ಮೇಡಂ ಕೂಡ ಅದನ್ನೇ ಬರೆದಿದ್ದಾರೆ. ಕೆಳಗೆ ಇನ್ನೂ ಮೂವರು...
ಎಷ್ಟು ಅರ್ಧ ಇದ್ದವು ಬೇ ನಿನ್ನ ಹತ್ತಿರ?!
ಅಳು ಬರಬೇಕಾದ ಹೊತ್ತಿನಲ್ಲಿ ಮೈ ಉರಿಯಿತು.

ಅದೇ ಸಿಟ್ಟಿನಲ್ಲಿ ಕೇಳಿದೆ: "ಯಾರ ಕಡೆ ಇನ್ನೂ ಜೀವಂತ ಅದಾವ್ರಿ?"
ಪಾಟೀಲ ಸರ್ ಅವರವು ಟ್ರಾನ್ಸ್‌ಫರ್ ಆದಾಗ ಹೋದವಂತೆ. ಸಾವಿತ್ರಿ ಮೇಡಂ ಅವರದನ್ನು ಸೊಸೆ ಕೊಳೆ ನೀರು ಅಂತ ಸಿಂಕಿಗೆ ಚೆಲ್ಲಿದಳಂತೆ. ಉಳಿದವರದೂ ಇಲ್ಲ.
ಎದ್ದು ಹೋಗಿ ಕಿಟಕಿಯಲ್ಲಿದ್ದ ಟ್ಯೂಬು ಬೆಳಕಿಗೆ ಹಿಡಿದೆ. ಸಣ್ಣ ಬಿಳಿ ಚುಕ್ಕೆಗಳು... ಓಡಾಡುತ್ತಿದ್ದವು.
ಗೆದ್ದೆ ಅನ್ನಿಸಿತು. ನಿಜ ಹೇಳುತ್ತೇನೆ, ಒಂದು ಕ್ಷಣ ಹಾಗೇ ಅನ್ನಿಸಿತು.
ಆಮೇಲೆ ಟ್ಯೂಬನ್ನು ಮೆಲ್ಲಗೆ ವಾಪಸ್ ಇಟ್ಟೆ. ಹೆಪ್ಪು ಒಂದೇ ಮನೆಯಲ್ಲಿದೆ.

ಈ ಶುಕ್ರವಾರ ಎಲ್ಲರೂ ನಮ್ಮ ಮನೆಗೆ ಬನ್ನಿ. ಬಾಟಲಿ ತನ್ನಿ, ಬರೀ ಬಿಸಿನೀರಿನಲ್ಲಿ ತೊಳೆದದ್ದು. ಎಲ್ಲರಿಗೂ ಕೊಡುತ್ತೇನೆ.
ಜುಲೇಖಾ, ಮೊದಲ ಬಾಟಲಿ ನಿನ್ನ ಮಗಳಿಗೆ. ನಾಳೆ ನವಲಗುಂದದ ಬಸ್ ಹತ್ತುತ್ತೇನೆ, ನೆಟ್ಟಗೆ ಹಿಡಿದುಕೊಂಡು.
ಆದರೆ "ನಿನ್ನ ಕೈಯಾಗ ಅಷ್ಟ" ಅನ್ನುವ ನಿನ್ನ ಆ ಮಾತನ್ನು ಮಾತ್ರ ಬಾಟಲಿಯ ಜೊತೆ ಯಾರಿಗೂ ಹೇಳುವುದಿಲ್ಲ.
ನೀನು ಎಷ್ಟು ಮಂದಿಗಾದರೂ ಹೇಳಿರು... ಅದು ನನಗೆ ಹೇಳಿದ್ದು.

ಹೋಗಿ ಬಾ ಗೆಳತಿ...
ಅಲ್ಲಾಹ್ ನಿನ್ನ ಜೀವವನ್ನು ತಂಪಾಗಿ ಇಟ್ಟುಕೊಳ್ಳಲಿ.